ಬ್ಯಾಂಜೊ ಯಾರದು?

ಕಳೆದ ರಾಜ್ಯೋತ್ಸವಕ್ಕೆ ಒಂದು ತಿಂಗಳು ಮುಂಚೆ ನಮ್ಮ ಸಾಂಸ್ಕೃತಿಕ ಉಪಸಮಿತಿಯ ಸಭೆಯೊಂದು ನಡೆಯಿತು. ಸಭೆಯಲ್ಲಿ ಆಡಿದ ಮಾತು ಸಭೆಯಲ್ಲೇ ಉಳಿಯಬೇಕೆಂಬುದು ಒಳ್ಳೆಯ ಸಂಪ್ರದಾಯ. ಅದನ್ನು ಮುರಿಯಬಹುದೇ ಎಂದು ಬಹಳ ದಿನ ಯೋಚಿಸಿದೆ. ಆದರೆ ನಾನು ಇಲ್ಲಿ ದೂರುತ್ತಿರುವುದು ಬೇರೆ ಯಾರನ್ನೂ ಅಲ್ಲ, ನನ್ನನ್ನೇ. ಆದುದರಿಂದ ಸಮಿತಿಯ ಮಿತ್ರರು ಕ್ಷಮಿಸುವರೆಂದು ನಂಬಿ ಬರೆಯುತ್ತಿದ್ದೇನೆ.

ನಡೆದದ್ದು ಇಷ್ಟು. ನಮ್ಮ ಸದಸ್ಯರೊಬ್ಬರ ಮಗಳು, ಹೈಸ್ಕೂಲಿನ ಹುಡುಗಿ, ರಾಜ್ಯೋತ್ಸವದಲ್ಲಿ ಒಂದು ದೇವರನಾಮ ಹಾಡುತ್ತೇನೆಂದು ಹೆಸರು ಕೊಟ್ಟಿದ್ದಳು. ಫಿಡಲ್ ನುಡಿಸಿಕೊಂಡು ತಾನೇ ಹಾಡುವುದು, ಜೊತೆಗೆ ಅವಳ ಶಾಲೆಯ ಗೆಳತಿಯೊಬ್ಬಳು ಬ್ಯಾಂಜೊ ನುಡಿಸುವುದು. "ಫಿಡಲ್ ಆಗಬಹುದು, ಅದು ನಮ್ಮ ಪಿಟೀಲೇ. ಬ್ಯಾಂಜೊ ನಮ್ಮದಲ್ಲವಲ್ಲ! ಈ ವರ್ಷ ಬ್ಯಾಂಜೊ ಬಂದರೆ ಮುಂದಿನ ವರ್ಷ ಕೌಬಾಯ್ ಟೋಪಿ ಬರುತ್ತದೆ" ಎಂದರು ಹಿರಿಯರೊಬ್ಬರು. ಎಲ್ಲರೂ ನಕ್ಕೆವು. ಕೈ ಎತ್ತಿ ಮತ ಹಾಕಿದಾಗ ಬೇಡವೆಂದವರು ಐವರು, ಇರಲಿ ಎಂದವರು ಇಬ್ಬರು. ಆ ಐದು ಕೈಗಳಲ್ಲಿ ನನ್ನದೂ ಒಂದು. ಅದೇ ಸಭೆಯಲ್ಲಿ ಕರೋಕೆ ಟ್ರ್ಯಾಕಿಗೆ ಹಾಡುವ ಏಳು ಚಿತ್ರಗೀತೆಗಳನ್ನು ಎರಡೇ ನಿಮಿಷದಲ್ಲಿ ಒಪ್ಪಿದೆವು. ಆ ಟ್ರ್ಯಾಕುಗಳಲ್ಲಿ ಯಾವ ಯಾವ ದೇಶದ ವಾದ್ಯಗಳಿವೆ ಎಂದು ಯಾರೂ ಕೇಳಲಿಲ್ಲ.

ಹುಡುಗಿ ರಾಜ್ಯೋತ್ಸವಕ್ಕೆ ಬರಲಿಲ್ಲ. ತಂದೆ ತಾಯಿ ಬಂದರು, ಎಂದಿನಂತೆ ಬಡಿಸಲು ನಿಂತರು, ಬಿಸಿಬೇಳೆಭಾತಿನ ಪಾತ್ರೆ ತೊಳೆದಿಟ್ಟು ಹೋದರು. ನಾನು ಏನೂ ಕೇಳಲಿಲ್ಲ, ಅವರು ಏನೂ ಹೇಳಲಿಲ್ಲ.

ಇದು ಮತ್ತೆ ನನ್ನನ್ನು ಕಾಡಿದ್ದು ಫೆಬ್ರವರಿಯ ಒಂದು ರಾತ್ರಿ. ನಮ್ಮ ಪ್ರಯೋಗಾಲಯದ ಉಪಕರಣಗಳನ್ನು ನೋಡಿಕೊಳ್ಳುವ ಹಿರಿಯರೊಬ್ಬರಿದ್ದಾರೆ. ಅವರಿಗೆ ಕಂಟ್ರಿ ಸಂಗೀತದ ಹುಚ್ಚು. ಅವರ ಹೆಂಡತಿಗೆ ನೆಗಡಿಯಾಗಿ ಒಂದು ಟಿಕೆಟ್ ಉಳಿಯಿತು, "ಬರುತ್ತೀರಾ?" ಎಂದರು. ನಮ್ಮಲ್ಲಿ ಬಹಳ ಮಂದಿಗೆ ಕಂಟ್ರಿ ಎಂದರೆ ಕಾರಿನ ರೇಡಿಯೋದಲ್ಲಿ ಬೇಗ ಬೇಗ ದಾಟಿಹೋಗುವ ಸ್ಟೇಷನ್. ನನಗೂ ಹಾಗೆಯೇ ಇತ್ತು. ದಾಕ್ಷಿಣ್ಯಕ್ಕೆ ಹೋದೆ.

ಇನ್ನೂರು ಜನ ಹಿಡಿಸುವ ಸಣ್ಣ ಸಭಾಂಗಣ. ಬಾಗಿಲು ತೆರೆಯುವ ಮುಂಚೆ ಮುಕ್ಕಾಲು ಗಂಟೆ ಚಳಿಯಲ್ಲಿ ಸಾಲು ನಿಂತೆವು. ಒಳಗೆ ಕೇಳಿದ ಹಾಡುಗಳಿಗಿಂತ ಹೊರಗೆ ಆ ಸಾಲಿನಲ್ಲಿ ಕೇಳಿದ ಮಾತುಗಳೇ ನನಗೆ ಹೆಚ್ಚು ನೆನಪಿವೆ. ಅಂದಿನ ಮೇಳದಲ್ಲಿ ಪೆಡಲ್ ಸ್ಟೀಲ್ ಗಿಟಾರ್ ನುಡಿಸುವವನು ಯಾರು, ಹಿಂದೆ ಅವನು ಯಾರ ಜೊತೆ ನುಡಿಸುತ್ತಿದ್ದ, ಹಿಂದಿನ ರಾತ್ರಿ ಪಕ್ಕದ ಊರಿನಲ್ಲಿ ಯಾವ ಹಾಡಿನಿಂದ ಆರಂಭಿಸಿದರು, ಯಾವ ಹಾಡನ್ನು ಯಾರು ಬರೆದದ್ದು, ಎಲ್ಲ ಅವರಿಗೆ ಬಾಯಿಪಾಠ. ಒಬ್ಬಾಕೆ "ಇವನನ್ನು ನಾನು ಮೂವತ್ತು ಜನರ ಮುಂದೆ ಹಾಡಿದಾಗ ಕೇಳಿದ್ದೇನೆ" ಎಂದು, ನಮ್ಮವರು ಮಲ್ಲಿಕಾರ್ಜುನ ಮನ್ಸೂರರನ್ನು ಎದುರು ಕೂತು ಕೇಳಿದ್ದೇನೆಂದು ಹೇಳುವಷ್ಟೇ ಹೆಮ್ಮೆಯಿಂದ ಹೇಳಿಕೊಂಡರು. ಟಿಕೆಟ್ಟಿನ ಮೇಲೆ ಹಾಕುವ ಹೆಚ್ಚುವರಿ ಶುಲ್ಕವನ್ನು ಎಲ್ಲರೂ ಒಟ್ಟಾಗಿ ಬೈದರು. ಮುಖ್ಯ ಗಾಯಕನಿಗೆ ಮುಂಚೆ ಹಾಡಲಿದ್ದ ಹೊಸ ಹುಡುಗಿಯ ಹೆಸರು ಅರ್ಧ ಜನರಿಗೆ ಗೊತ್ತಿತ್ತು. ಅವಳನ್ನು ಕೇಳಲೆಂದೇ ಬೇಗ ಬಂದಿದ್ದರು. ಹಾಡುವಾಗ ಒಳಗೆ ಒಂದು ಪಿಸುಮಾತಿಲ್ಲ. ನಾಶ್‌ವಿಲ್‌ನಲ್ಲಿ 1982ರಲ್ಲಿ ಆರಂಭವಾದ ಬ್ಲೂಬರ್ಡ್ ಕೆಫೆ ಹೆಸರಾದದ್ದೇ ಹೀಗೆ "ಶ್..." ಎಂದು ಗದರಿಸಿ ಜನರನ್ನು ಸುಮ್ಮನಿರಿಸುವುದಕ್ಕಂತೆ.

ಆದರೆ ಅದೇ ಸಾಲಿನಲ್ಲಿ ಒಂದು ಜಗಳವೂ ಹತ್ತಿಕೊಂಡಿತು. ಒಬ್ಬರು ಯಾವನೋ ಗಾಯಕನನ್ನು ಹೊಗಳಿದರು. ಇನ್ನೊಬ್ಬರು "ಅವನದು ಕಂಟ್ರಿಯೇ ಅಲ್ಲ" ಎಂದರು. ಅಲ್ಲಿಂದ ಅರ್ಧ ಗಂಟೆ ಯಾವುದು ಅಸಲು, ಯಾವುದು ನಕಲು, ಯಾರು ದುಡ್ಡಿಗಾಗಿ ಮಾರಿಕೊಂಡರು ಎಂಬ ವಾದ. ನನ್ನ ಮಿತ್ರರು ನನ್ನ ಕಡೆ ತಿರುಗಿ "ನನಗೆ ಇಪ್ಪತ್ತು ವರ್ಷವಾದಾಗಿನಿಂದ ಇದೇ ಜಗಳ ಕೇಳುತ್ತಿದ್ದೇನೆ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ನಮ್ಮ ಉಪಸಮಿತಿಯ ಸಭೆಯ ನೆನಪಾಯಿತು.

ಮನೆಗೆ ಬಂದಮೇಲೆ, ಸಂಶೋಧಕರ ಕೆಟ್ಟ ಚಾಳಿ, ಈ ಜಗಳದ ಬೇರು ಹುಡುಕಲು ಕೂತೆ. ತಿಂಗಳುಗಟ್ಟಲೆ ಓದಿದೆ, ಕೇಳಿದೆ. ತಿಳಿದುಕೊಂಡದ್ದರಲ್ಲಿ ಕೆಲವನ್ನು ಇಲ್ಲಿ ಹೇಳುತ್ತೇನೆ.

ಕಂಟ್ರಿ ಅಭಿಮಾನಿಗಳ ಭಯ ಸುಳ್ಳಲ್ಲ. ಜಾನಿ ಕ್ಯಾಶ್ ಎಂಬ ಮಹಾಗಾಯಕನ ಮುಪ್ಪಿನಲ್ಲಿ ಕಂಟ್ರಿ ರೇಡಿಯೋ ಅವನ ಹೊಸ ಹಾಡುಗಳನ್ನು ಹಾಕುವುದನ್ನೇ ಬಿಟ್ಟಿತ್ತು. 1998ರಲ್ಲಿ ಅವನ ಆಲ್ಬಮ್ಮಿಗೇ ಅತ್ಯುತ್ತಮ ಕಂಟ್ರಿ ಆಲ್ಬಮ್ ಎಂದು ಗ್ರ್ಯಾಮಿ ಬಂತು. ಆಗ ಬಿಲ್‌ಬೋರ್ಡ್ ಪತ್ರಿಕೆಯಲ್ಲಿ ಇಡೀ ಪುಟದ ಜಾಹೀರಾತು ಹಾಕಿಸಿ, ನಾಶ್‌ವಿಲ್ ಮತ್ತು ಕಂಟ್ರಿ ರೇಡಿಯೋದ 'ಬೆಂಬಲ'ಕ್ಕೆ ಧನ್ಯವಾದ ಅರ್ಪಿಸಿದರು. ಜೊತೆಗೆ ಅವನ ಹಳೆಯ ಫೋಟೋ. ಅದರಲ್ಲಿ ಅವನು ತೋರಿಸುತ್ತಿರುವ ಬೆರಳನ್ನು ಕುಟುಂಬಗಳು ಓದುವ ಈ ಪತ್ರಿಕೆಯಲ್ಲಿ ವಿವರಿಸಲಾರೆ.

ಇಂಥ ಬೇಸರದಿಂದಲೇ 'ಆಲ್ಟ್-ಕಂಟ್ರಿ' ಎಂಬ ಬಣ ಬೆಳೆಯಿತು. ಸೇಂಟ್ ಲೂಯಿ ನಗರದಿಂದ ನದಿಯಾಚೆ ಇಲಿನಾಯ್ ರಾಜ್ಯದಲ್ಲಿ ಬೆಲ್‌ವಿಲ್ ಎಂಬ ಊರಿದೆ. ಅಲ್ಲಿನ ಹುಡುಗರು ಕಟ್ಟಿಕೊಂಡ ಅಂಕಲ್ ಟ್ಯುಪೆಲೊ ಎಂಬ ಮೇಳ ರಾಕ್ ಸಂಗೀತದ ಗದ್ದಲಕ್ಕೆ ಹಳೆಯ ಕಂಟ್ರಿಯನ್ನು ಬೆರೆಸಿ, 1990ರಲ್ಲಿ ತಮ್ಮ ಮೊದಲ ಆಲ್ಬಮ್ ತಂದಿತು. ಅದಕ್ಕೆ ಇಟ್ಟ ಹೆಸರು 'ನೋ ಡಿಪ್ರೆಶನ್', ಕಾರ್ಟರ್ ಕುಟುಂಬ 1936ರಲ್ಲಿ ಹಾಡಿದ ಹಾಡಿನದು. ಅದೇ ಹೆಸರಿನಲ್ಲಿ 1995ರಲ್ಲಿ ಸಿಯಾಟಲ್‌ನಿಂದ ಒಂದು ಪತ್ರಿಕೆ ಹೊರಟಿತು. ಮೊದಲಿಗೆ ಅದೂ ನಮ್ಮದರಂತೆ ತ್ರೈಮಾಸಿಕ. ಮೇಳವೋ 1994ರಲ್ಲೇ ಒಡೆದು ಎರಡಾಗಿತ್ತು. ಸನ್ ವೋಲ್ಟ್ ಹೆಚ್ಚೋ ವಿಲ್ಕೊ ಹೆಚ್ಚೋ ಎಂದು ಅಭಿಮಾನಿಗಳು ಇಂದಿಗೂ ಕಚ್ಚಾಡುತ್ತಾರೆ. ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದು ಸಂಘ ಎರಡಾಗುವುದು ನಮಗೆ ಹೊಸದೇ?

ಹೀಗೆ ಭಯ ನಿಜ. ಆದರೆ 'ಅಸಲು' ಎಂದು ಅವರು ತೋರಿಸುವ ವಸ್ತು ಯಾವುದು? ಬ್ಯಾಂಜೊವನ್ನು ಈ ಖಂಡಕ್ಕೆ ತಂದವರು ಆಫ್ರಿಕದಿಂದ ಗುಲಾಮರಾಗಿ ಬಂದವರು. ಅವರದು ಸೋರೆಬುರುಡೆಗೆ ಚರ್ಮ ಬಿಗಿದ ವಾದ್ಯ. ಫಿಡಲ್ ಯೂರೋಪಿನದು. ಕಂಟ್ರಿಯ ಜೀವವೆಂದು ಎಲ್ಲರೂ ಹೇಳುವ ಆ ಅಳುವಂಥ ಸ್ಟೀಲ್ ಗಿಟಾರ್ ಹವಾಯಿಯದು. ಕಾರ್ಟರ್ ಕುಟುಂಬದ ಎ.ಪಿ. ಕಾರ್ಟರ್ ಬೆಟ್ಟದ ಹಳ್ಳಿಗಳಲ್ಲಿ ಹಾಡು ಹುಡುಕುತ್ತ ತಿರುಗುವಾಗ ಜೊತೆಗಿದ್ದವನು ಲೆಸ್ಲಿ ರಿಡಲ್ ಎಂಬ ಕಪ್ಪು ಗಿಟಾರ್ ವಾದಕ. ಕಾರ್ಟರ್ ಸಾಹಿತ್ಯ ಬರೆದುಕೊಂಡರೆ ಧಾಟಿಯನ್ನು ನೆನಪಿಟ್ಟುಕೊಳ್ಳುತ್ತಿದ್ದವನು ರಿಡಲ್. ಹ್ಯಾಂಕ್ ವಿಲಿಯಮ್ಸ್ ಹುಡುಗನಾಗಿದ್ದಾಗ ಅವನಿಗೆ ಕಲಿಸಿದ ರೂಫಸ್ ಪೇನ್ ಬೀದಿಯಲ್ಲಿ ಹಾಡುತ್ತಿದ್ದ ಕಪ್ಪು ಗಾಯಕ.

ನಾಶ್‌ವಿಲ್ ರೇಡಿಯೋದಲ್ಲಿ 1925ರಲ್ಲಿ ಆರಂಭವಾದ, ಈಗ ಗ್ರ್ಯಾಂಡ್ ಓಲ್ ಆಪ್ರಿ ಎಂದು ಹೆಸರಾದ ಕಾರ್ಯಕ್ರಮದ ಮೊದಲ ದಿನಗಳ ತಾರೆಗಳಲ್ಲಿ ಡಿಫೋರ್ಡ್ ಬೇಲಿ ಎಂಬ ಕಪ್ಪು ಮೌತ್‌ಆರ್ಗನ್ ವಾದಕನೂ ಒಬ್ಬ. 1941ರಲ್ಲಿ ಅವನನ್ನು ಕೆಲಸದಿಂದ ತೆಗೆದರು. ಮುಂದೆ ಶೂ ಪಾಲಿಶ್ ಅಂಗಡಿ ನಡೆಸಿ ಬದುಕಿದ. ಕಂಟ್ರಿ ಸಂಗೀತದ ಗೌರವ ಮಂದಿರದಲ್ಲಿ ಅವನ ಹೆಸರು ಸೇರಿದ್ದು 2005ರಲ್ಲಿ. ಅಷ್ಟು ಹೊತ್ತಿಗೆ ಅವನು ಸತ್ತು 23 ವರ್ಷವಾಗಿತ್ತು. 2019ರಲ್ಲಿ ಲಿಲ್ ನ್ಯಾಸ್ ಎಕ್ಸ್ ಎಂಬ ಕಪ್ಪು ಹುಡುಗನ ಹಾಡನ್ನು ಬಿಲ್‌ಬೋರ್ಡಿನವರು ಕಂಟ್ರಿ ಪಟ್ಟಿಯಿಂದ ತೆಗೆದುಹಾಕಿದರು. ಅದೇ ಹಾಡು ಎಲ್ಲ ಬಗೆಯ ಹಾಡುಗಳ ಪಟ್ಟಿಯಲ್ಲಿ 19 ವಾರ ಮೊದಲ ಸ್ಥಾನದಲ್ಲಿ ನಿಂತಿತು. 2025ರಲ್ಲಿ ಬಿಯಾನ್ಸೆಗೆ ಅತ್ಯುತ್ತಮ ಕಂಟ್ರಿ ಆಲ್ಬಮ್ಮಿನ ಗ್ರ್ಯಾಮಿ ಬಂದಾಗಲೂ "ಇದು ಕಂಟ್ರಿಯೇ?" ಎಂಬ ಕೂಗು ಎದ್ದಿತು. ಬಾಗಿಲು ಕಾಯುವವರು ಎಷ್ಟೋ ಸಲ ಮನೆ ಕಟ್ಟಿದವರನ್ನೇ ಹೊರಗೆ ನಿಲ್ಲಿಸಿದ್ದಾರೆ ಎಂಬುದು ನನಗೆ ಕಂಡ ಸತ್ಯ.

ಈಗ ನಮ್ಮ ಮನೆಗೆ ಬರೋಣ. "ಅದು ನಮ್ಮ ಪಿಟೀಲೇ" ಎಂದೆವಲ್ಲ, ಆ ಪಿಟೀಲು ಕರ್ನಾಟಕ ಸಂಗೀತಕ್ಕೆ ಬಂದು ಸುಮಾರು ಇನ್ನೂರು ವರ್ಷ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಪಾಶ್ಚಾತ್ಯರಿಂದ ಕಲಿತು ತಂದದ್ದು. ನಮ್ಮ ತಿರುಮಕೂಡಲು ಚೌಡಯ್ಯನವರು ನಾಲ್ಕು ತಂತಿಯನ್ನು ಏಳು ಮಾಡಿದರು. ಇಂದು ಬೆಂಗಳೂರಿನಲ್ಲಿ ಅವರ ಹೆಸರಿನ ಸಭಾಭವನವೇ ಪಿಟೀಲಿನ ಆಕಾರದಲ್ಲಿದೆ. ನಮ್ಮ ಭಜನೆಗೆಲ್ಲ ಬೇಕಾದ ಹಾರ್ಮೋನಿಯಂ ಪರದೇಶದ್ದೆಂದು, ನಮ್ಮ ರಾಗಗಳಿಗೆ ಒಗ್ಗದೆಂದು ಆಕಾಶವಾಣಿ 1940ರಿಂದ 1971ರವರೆಗೆ ದೂರವಿಟ್ಟಿತ್ತು. ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು ಹುಡುಗರಾಗಿದ್ದಾಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತರು. ಅದನ್ನು ಗಮಕಕ್ಕೆ ಬಗ್ಗಿಸಲು ವರ್ಷಗಟ್ಟಲೆ ಹೆಣಗಿದರು. 2019ರಲ್ಲಿ ಅವರು ತೀರಿಕೊಂಡಾಗ "ಸ್ಯಾಕ್ಸೊಫೋನ್ ನಮ್ಮದಲ್ಲ" ಎಂದು ಯಾರಾದರೂ ಹೇಳಿದ್ದುಂಟೇ?

ಹವಾಯಿಯ ಗಿಟಾರ್ ನಾಶ್‌ವಿಲ್‌ಗೆ ಹೋದಂತೆ ನಮ್ಮ ದೇಶಕ್ಕೂ ಬಂತು. ಅದನ್ನು ತಿದ್ದಿ ಮೋಹನವೀಣೆ ಮಾಡಿಕೊಂಡ ವಿಶ್ವಮೋಹನ ಭಟ್ಟರಿಗೆ 1994ರಲ್ಲಿ ಅಮೆರಿಕದ ರೈ ಕೂಡರ್ ಜೊತೆ ಗ್ರ್ಯಾಮಿ ಬಂತು. ಅದೇ ಭಟ್ಟರು 1996ರಲ್ಲಿ ಬೇಲಾ ಫ್ಲೆಕ್‌ನ ಬ್ಯಾಂಜೊ ಜೊತೆ ಒಂದು ಆಲ್ಬಮ್ ತಂದರು. ನಾವು ಸಭೆಯಲ್ಲಿ ನಕ್ಕದ್ದು ಎಂಥ ಅಜ್ಞಾನದ ನಗು ಎಂದು ಆಗ ತಿಳಿಯಿತು.

ರಸಾಯನಶಾಸ್ತ್ರದಲ್ಲಿ ಶುದ್ಧತೆ ಎಂಬುದು ಹೊಟ್ಟೆಪಾಡಿನ ಮಾತು; ನನ್ನ ದಿನದ ಅರ್ಧ ಅದಕ್ಕೇ ಹೋಗುತ್ತದೆ. ಆದರೂ ಹೇಳುತ್ತೇನೆ. ಅಲ್ಯೂಮಿನಿಯಂ ಆಕ್ಸೈಡಿನ ಶುದ್ಧ ಹರಳಿಗೆ ಬಣ್ಣವಿಲ್ಲ. ಅದರಲ್ಲಿ ಚೂರೇ ಚೂರು ಕ್ರೋಮಿಯಂ ಸೇರಿದರೆ ಅದಕ್ಕೆ ಮಾಣಿಕ್ಯವೆಂದು ಹೆಸರು. ಆ ಚೂರನ್ನು ಕಲ್ಮಷ ಎನ್ನುವುದು ನಮ್ಮ ಪರಿಭಾಷೆ, ಅಷ್ಟೆ.

ಹಾಗಾದರೆ ಏನು ಬಂದರೂ ಸರಿಯೇ ಎಂದು ಆ ಹಿರಿಯರು ಕೇಳುವರು. ಅವರು ಕೇಳಬೇಕಾದದ್ದೇ. ಅವರು ಈ ದೇಶಕ್ಕೆ ಬಂದಾಗ ತಂದದ್ದು ಎರಡು ಪೆಟ್ಟಿಗೆ ಮತ್ತು ಈ ಹಾಡುಗಳು. ಪೆಟ್ಟಿಗೆ ಹಳತಾಗಿ ಹೋಯಿತು, ಮಕ್ಕಳು ಇಂಗ್ಲಿಷ್ ಆದರು, ಉಳಿದದ್ದು ಹಾಡು. ಅದನ್ನೂ ಕಳೆದುಕೊಳ್ಳುವ ಭಯವನ್ನು ನಾನು ಹಾಸ್ಯ ಮಾಡಲಾರೆ. ಆದರೆ ಕಾವಲು ಎಲ್ಲಿ ಬೇಕು? ವಾದ್ಯದ ಬಾಗಿಲಲ್ಲಿ ಅಲ್ಲ, ಮಾತಿನ ಬಾಗಿಲಲ್ಲಿ ಎಂಬುದು ನನ್ನ ಅಭಿಪ್ರಾಯ. ಹಾಡುವವರು ಅದನ್ನು ಯಾರಿಂದ ಕಲಿತರು, ಅರ್ಥ ತಿಳಿದು ಹಾಡುತ್ತಾರೆಯೇ, 'ಳ'ಕಾರ ನಾಲಿಗೆಗೆ ಬರುತ್ತದೆಯೇ, ಇವನ್ನು ಕೇಳೋಣ. ರಿಯಾನನ್ ಗಿಡೆನ್ಸ್ ಎಂಬ ಕಲಾವಿದೆ ಮತ್ತು ಆಕೆಯ ಗೆಳೆಯರು 2005ರ ಸುಮಾರಿಗೆ ಉತ್ತರ ಕೆರೊಲಿನಾದಲ್ಲಿ ಜೋ ಥಾಮ್ಸನ್ ಎಂಬ 80 ದಾಟಿದ ಕಪ್ಪು ಫಿಡಲ್ ವಾದಕನ ಮನೆಗೆ ವಾರವಾರ ಹೋಗಿ, ಎದುರು ಕೂತು ಕಲಿತರು. ಅಸಲು ಎಂಬುದೇನಾದರೂ ಇದ್ದರೆ ಅದು ಅಂಥ ಕಲಿಕೆಯಲ್ಲಿದೆ. ಬಿಯಾನ್ಸೆಯ ಆಲ್ಬಮ್ಮಿನ ಮೊದಲು ಹೊರಬಂದ ಹಾಡಿನಲ್ಲಿ ಕೇಳುವ ಬ್ಯಾಂಜೊ ಇದೇ ಗಿಡೆನ್ಸ್‌ದು.

ನಾವು ಬೇಡವೆಂದ ಹುಡುಗಿ ಆ ದೇವರನಾಮವನ್ನು ಕಲಿತದ್ದು ಹಾಸನದಲ್ಲಿರುವ ಅಜ್ಜಿಯಿಂದ, ಭಾನುವಾರ ಭಾನುವಾರ ಫೋನಿನಲ್ಲಿ, ಸಾಲು ಸಾಲಿಗೂ ಅರ್ಥ ಕೇಳಿಕೊಂಡು. ಇದು ನನಗೆ ತಿಳಿದದ್ದು ಆಮೇಲೆ. ಚಿತ್ರಗೀತೆ ಹಾಡಿದ ನಮ್ಮಲ್ಲಿ ಮೂವರ ಕೈಯಲ್ಲಿ ಸಾಹಿತ್ಯ ಇದ್ದದ್ದು ಇಂಗ್ಲಿಷ್ ಅಕ್ಷರಗಳಲ್ಲಿ. ಅವರಲ್ಲಿ ನಮ್ಮ ಮನೆಯವರೂ ಒಬ್ಬರೆಂದು ಒಪ್ಪಿಕೊಳ್ಳುತ್ತೇನೆ.

ಕೊನೆಗೆ ಎರಡು ಸಲಹೆ. ಮೊದಲನೆಯದು, ಆ ಸಾಲಿನಲ್ಲಿ ನಿಂತವರಿಂದ ಜಗಳವನ್ನು ಬಿಟ್ಟು ಉಳಿದದ್ದನ್ನು ಕಲಿಯೋಣ. ಊರಿನಿಂದ ಕಲಾವಿದರು ಬಂದಾಗ ನಾವು ಶಾಲು ಹೊದಿಸುತ್ತೇವೆ, ಫೋಟೋ ತೆಗೆಸಿಕೊಳ್ಳುತ್ತೇವೆ. ಮೃದಂಗ ನುಡಿಸಿದವರ ಹೆಸರು ಮರುದಿನ ಕೇಳಿದರೆ ಯಾರಿಗೂ ನೆನಪಿಲ್ಲ. ಅವರು ಹಾಡುವಾಗ ಹಿಂದಿನ ಸಾಲುಗಳಲ್ಲಿ ಮನೆ ಸಾಲದ ಬಡ್ಡಿದರದ ಚರ್ಚೆ. ಮುಂದಿನ ಸಲದಿಂದ ಕಾರ್ಯಕ್ರಮ ಪಟ್ಟಿಯಲ್ಲಿ ಪಕ್ಕವಾದ್ಯದವರ ಹೆಸರನ್ನೂ ಹಾಡು ಬರೆದವರ ಹೆಸರನ್ನೂ ಹಾಕೋಣ. ಊಟದ ಮೇಲೆ ಅರ್ಧ ಗಂಟೆ ಕುರ್ಚಿ ದುಂಡಗೆ ಹಾಕಿಕೊಂಡು ಕೇಳಿದ್ದನ್ನು ಕುರಿತು ಮಾತಾಡೋಣ. ಕಲಾವಿದರಿಗೆ ಶಾಲಿಗಿಂತ ಅದು ಹೆಚ್ಚಿನ ಮರ್ಯಾದೆ. ಮಕ್ಕಳೂ ಕೇಳಿಸಿಕೊಳ್ಳುತ್ತವೆ.

ಎರಡನೆಯದು, ಯುಗಾದಿಯ ಕಾರ್ಯಕ್ರಮಕ್ಕೆ ಆ ಹುಡುಗಿಯನ್ನು ಸಮಿತಿಯ ಪರವಾಗಿ ಕರೆಯಬೇಕು, ಬ್ಯಾಂಜೊ ಗೆಳತಿಯನ್ನೂ ಸೇರಿಸಿ. ಪತ್ರ ಬರೆದರೆ ಸಾಲದು, ಮನೆಗೆ ಹೋಗಿ ಕರೆಯಬೇಕು. ಅವಳು ಒಲ್ಲೆನೆಂದರೆ ಅದೂ ಅವಳ ಹಕ್ಕು. ಹೋಗುವವರಲ್ಲಿ ಮೊದಲನೆಯ ಹೆಸರು ನನ್ನದೆಂದು ಬರೆದುಕೊಳ್ಳಿ. ಆ ಹಿರಿಯರೂ ಜೊತೆಗೆ ಬಂದರೆ ನನ್ನ ಕಾರಿನಲ್ಲಿ ಜಾಗವಿದೆ.