ಸಹಿಗೆ ಮೊದಲು ಗೇಟಿನೆದುರು ಕೂಡಿ

ಬೈಲಹೊಂಗಲದ ಐಟಿಐಯಲ್ಲಿ ಫಿಟ್ಟರ್ ಕಲಿಸುವ ನಾನು ಹುಡುಗರಿಗೆ ಹೇಳುವುದಿದು: ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಿಂದ ಆಫರ್ ಬಂತೆಂದು ಕೂಡಲೇ ಸಹಿ ಹಾಕಬೇಡಿ. ಕಿತ್ತೂರಿನಿಂದ ಹೆದ್ದಾರಿ ಹಿಡಿದು ಹೋಗಿ, ಶಿಫ್ಟ್ ಬಿಡುವ ಹೊತ್ತಿಗೆ ಗೇಟಿನೆದುರಿನ ಚಹಾದಂಗಡಿಯಲ್ಲಿ ಕೂಡಿ. ಸವದತ್ತಿ, ರಾಮದುರ್ಗದ ಹುಡುಗರು ಸಿಕ್ಕರೆ ಮಾತಾಡಿಸಿ. ಓವರ್‌ಟೈಮಿಗೆ ದುಪ್ಪಟ್ಟು ಕೂಲಿ ಕಾನೂನಿನಲ್ಲೇ ಇದೆ. ಪಗಾರ ಚೀಟಿಯಲ್ಲಿ ಅದು ಕಾಣುತ್ತದೆಯೇ? ಯಲ್ಲಮ್ಮನ ಜಾತ್ರೆಗೆ ರಜೆ ಕೇಳಿದವನ ಜೊತೆ ಸೂಪರ್‌ವೈಸರ್ ಹೇಗೆ ಮಾತಾಡಿದ? ನನ್ನ ಮಟ್ಟಿಗೆ ಇದೇ ದೊಡ್ಡ ಪರೀಕ್ಷೆ. ಬೆರಳಿಗೆ ಪೆಟ್ಟಾದವನನ್ನು ಆಸ್ಪತ್ರೆಗೆ ಒಯ್ದವರಾರು?

ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು. 2013ರ ಕಾಯ್ದೆ ಪ್ರಕಾರ 10 ಅಥವಾ ಹೆಚ್ಚು ಮಂದಿ ದುಡಿಯುವಲ್ಲಿ ಲೈಂಗಿಕ ಕಿರುಕುಳ ದೂರು ಸಮಿತಿ ಇರಲೇಬೇಕು. ಅದನ್ನು ರಚಿಸಿದ ಆದೇಶ ಎದ್ದು ಕಾಣುವಂತೆ ಅಂಟಿಸಿರಬೇಕು. ಸಂದರ್ಶನಕ್ಕೆ ಹೋದಾಗ ಗೋಡೆ ನೋಡಿ. ಅದು ಕಾಣದಿದ್ದರೆ, ಸಮಿತಿಯಲ್ಲಿ ಯಾರಿದ್ದಾರೆಂದು ಕೇಳಿಯೇ ಕುರ್ಚಿಯಿಂದ ಏಳಿ.