ತೂಕ ಇಳಿಸುವ ಸೂಜಿ

ಏಪ್ರಿಲ್-ಮೇ ತಿಂಗಳಲ್ಲಿ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಏರುತ್ತದೆ. ಬೊಜ್ಜು ಕರಗಿಸಲು ವೈದ್ಯರು ಬರೆದುಕೊಡುವ ಸೆಮಾಗ್ಲುಟೈಡ್ ಚುಚ್ಚುಮದ್ದನ್ನು ಬಳಸುವವರು ಈ ಬಿಸಿಲಿನಲ್ಲಿ ಎರಡು ಪಟ್ಟು ಎಚ್ಚರದಿಂದಿರಬೇಕು.

ಊಟ ಕರುಳಿಗೆ ಇಳಿದಾಗ ಅಲ್ಲಿನ ಕೋಶಗಳು ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಸ್ರವಿಸುತ್ತವೆ. ಅದು ಹೊಟ್ಟೆ ತುಂಬಿತೆಂದು ಮಿದುಳಿಗೆ ತಿಳಿಸುತ್ತದೆ. ಜಠರ ಬರಿದಾಗುವ ವೇಗವನ್ನೂ ತಗ್ಗಿಸುತ್ತದೆ. ದೇಹದ ಈ ಹಾರ್ಮೋನು ಕೆಲವೇ ನಿಮಿಷಗಳಲ್ಲಿ ನಾಶವಾಗುತ್ತದೆ. ಅದನ್ನು ಹೋಲುವ ಸೆಮಾಗ್ಲುಟೈಡ್ ದಿನಗಟ್ಟಲೆ ಉಳಿಯುವುದರಿಂದ ವಾರಕ್ಕೊಂದೇ ಸೂಜಿ ಸಾಕು. ತೂಕ ಇಳಿಸಲೆಂದೇ ಇದು ಭಾರತದ ಮಾರುಕಟ್ಟೆಗೆ ಬಂದದ್ದು 2025ರ ಜೂನ್‌ನಲ್ಲಿ.

ಓಕರಿಕೆ, ವಾಂತಿ, ಭೇದಿ, ಮಲಬದ್ಧತೆ ಇದರ ಸಾಮಾನ್ಯ ಅಡ್ಡಪರಿಣಾಮಗಳು. ಅದಕ್ಕೆಂದೇ 0.25 ಮಿಲಿಗ್ರಾಂನಿಂದ ಆರಂಭಿಸಿ, ನಾಲ್ಕು ವಾರಕ್ಕೊಮ್ಮೆ ಪ್ರಮಾಣ ಏರಿಸುತ್ತಾರೆ. ಬೇಗ ತೆಳ್ಳಗಾಗುವ ಆಸೆಗೆ ಹಂತ ಹಾರಬಾರದು. ಹೋಳಿಗೆ-ತುಪ್ಪದ ಊಟವಾದರೂ ಸಾಕೆನಿಸಿದಲ್ಲಿಗೇ ಕೈ ತೊಳೆಯಬೇಕು. ವಾಂತಿ-ಭೇದಿಯ ಜೊತೆಗೆ ಹೊಲದ ಬಿಸಿಲಿನ, ಮಗ್ಗದ ಮನೆಯ ಬೆವರೂ ಸೇರಿದರೆ ದೇಹದ ನೀರು ಬತ್ತಿ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಆಗಾಗ ನೀರು ಕುಡಿಯುತ್ತಿರಬೇಕು. ಹೊಟ್ಟೆಯಿಂದ ಬೆನ್ನಿಗೆ ಹರಡುವ, ನಿಲ್ಲದ ನೋವು ಮೇದೋಜೀರಕ ಗ್ರಂಥಿಯ ಉರಿಯೂತದ ಸೂಚನೆಯಾಗಿರಬಹುದು. ತಕ್ಷಣ ಆಸ್ಪತ್ರೆಗೆ ಹೋಗಬೇಕು. ಪಿತ್ತಕೋಶದಲ್ಲಿ ಕಲ್ಲಾಗುವುದೂ ಉಂಟು.

ಇನ್ನು ಮದ್ದಿನ ಜೋಪಾನ. ಇದು ಅಮೈನೋ ಆಮ್ಲಗಳ ಸರಪಳಿ, ಕಾವಿಗೆ ಕೆಡುತ್ತದೆ. ತೆರೆಯದ ಪೆನ್ನನ್ನು ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿಡಬೇಕು, ಹೆಪ್ಪುಗಟ್ಟಿದ್ದನ್ನು ಬಳಸಬಾರದು. ಹೊರಗಿಟ್ಟಾಗ 30 ಡಿಗ್ರಿ ಮೀರಬಾರದು. ಮೋಟಾರ್ ಸೈಕಲ್ಲಿನ ಡಬ್ಬಿಯಲ್ಲಿಟ್ಟು ಮಧ್ಯಾಹ್ನ ಊರಿಗೊಯ್ದ ಮದ್ದು ಕಣ್ಣಿಗೆ ತಿಳಿಯಾಗಿ ಕಂಡರೂ ಸತ್ವ ಕಳೆದುಕೊಂಡಿರಬಹುದು.

ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ಗುಳಿಗೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುವವರಿಗೆ ರಕ್ತದ ಸಕ್ಕರೆ ಅಪಾಯಕರವಾಗಿ ಇಳಿಯಬಹುದು. ಏಕಾದಶಿ, ರಂಜಾನ್ ಉಪವಾಸಕ್ಕೆ ಮುನ್ನ ವೈದ್ಯರನ್ನು ಕೇಳಲೇಬೇಕು. ಮೆಡ್ಯುಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರ್ ಮನೆತನದಲ್ಲಿದ್ದವರಿಗೆ ಈ ಮದ್ದು ಸಲ್ಲದು. ಬಸುರಿಯಾಗಬಯಸುವವರು ಎರಡು ತಿಂಗಳು ಮೊದಲೇ ನಿಲ್ಲಿಸಬೇಕು. ಶಸ್ತ್ರಚಿಕಿತ್ಸೆಗೆ ಮುನ್ನ ಅರಿವಳಿಕೆ ವೈದ್ಯರಿಗೆ ಸೂಜಿಯ ವಿಷಯ ತಿಳಿಸಬೇಕು. ಉಪವಾಸವಿದ್ದರೂ ಜಠರದಲ್ಲಿ ಆಹಾರ ಉಳಿದಿರಬಹುದು.

ಒಂದು ಪ್ರಯೋಗದಲ್ಲಿ 68 ವಾರದ ನಂತರ ಸೂಜಿ ನಿಲ್ಲಿಸಿದವರಿಗೆ, ಇಳಿದ ತೂಕದ ಮೂರರಲ್ಲಿ ಎರಡು ಪಾಲು ವರ್ಷದೊಳಗೆ ಮರಳಿತು. ಆದ್ದರಿಂದ ಮೊದಲ ಸೂಜಿಗೆ ಮುನ್ನವೇ ವೈದ್ಯರನ್ನು ಕೇಳಬೇಕಾದದ್ದು ‘ಎಷ್ಟು ಕಿಲೋ ಇಳಿಯುತ್ತದೆ?’ ಎಂದಷ್ಟೇ ಅಲ್ಲ. ‘ಎಷ್ಟು ವರ್ಷ ಬೇಕು?’ ಎಂದೂ ಕೇಳಬೇಕು.