ಸ್ಪರ್ಧೆ ಬೇಡವೆಂದು ನಾನು ಕೊಟ್ಟ ಸಲಹೆ



ಪ್ರತಿ ವರ್ಷ ಸೆಪ್ಟೆಂಬರ್ 15ರಂದು, ಸರ್ ಎಂ. ವಿಶ್ವೇಶ್ವರಯ್ಯನವರ ಜನ್ಮದಿನದಂದು, ಎಂಜಿನಿಯರರಾಗಿರುವ ನನ್ನ ಹಳೆಯ ವಿದ್ಯಾರ್ಥಿಗಳಿಗೆ ದೂರವಾಣಿಯಲ್ಲಿ ಶುಭ ಕೋರುವುದು ನನ್ನ ವಾಡಿಕೆ. ಈ ಸಲ ಅವರಲ್ಲೊಬ್ಬನು ಮಾತಿನ ಕೊನೆಯಲ್ಲಿ, "ಸರ್, ಸಂಘದ ಚುನಾವಣೆಗೆ ಮತ್ತೆ ನಾಮಪತ್ರ ಸಲ್ಲಿಸಬೇಕೆಂದಿದ್ದೇನೆ. ಈ ಬಾರಿ ಬೇಡ ಅನ್ನಬೇಡಿ" ಎಂದು ನಕ್ಕನು. ನನಗೆ ನಗು ಬರಲಿಲ್ಲ. ಅದರ ಹಿಂದಿನ ಸಂಗತಿಯನ್ನು ಮುಚ್ಚಿಟ್ಟು ಬರಿಯ ಅಭಿಪ್ರಾಯವನ್ನು ಬರೆದರೆ ಅಪ್ರಾಮಾಣಿಕನಾಗುತ್ತೇನೆ.

ಆತನು ಕಕ್ಕಿಂಜೆಯ ಸಮೀಪ ಹೊಳೆಯಾಚೆಯ ಹುಡುಗ. ಮಳೆಗಾಲದಲ್ಲಿ ಅಡಿಕೆಮರದ ಸಂಕ ದಾಟಿ ಶಾಲೆಗೆ ಬರುತ್ತಿದ್ದವನು. ಎಂಜಿನಿಯರಿಂಗ್ ಕಾಲೇಜಿನ ಶುಲ್ಕ ಮನೆಯವರ ಯೋಚನೆಗೂ ನಿಲುಕದ ಮಾತಾಗಿತ್ತು. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದನು. ಹಗಲು ದುಡಿದು, ರಾತ್ರಿ ಓದಿ ಎ.ಎಂ.ಐ.ಇ. ಪರೀಕ್ಷೆ ಕಟ್ಟಿದನು. ತಿಳಿಯದವರಿಗಾಗಿ ಹೇಳುತ್ತೇನೆ: 1920ರಲ್ಲಿ ಮದ್ರಾಸಿನಲ್ಲಿ ನೋಂದಣಿಯಾಗಿ 1935ರಲ್ಲಿ ರಾಜಸನ್ನದು ಪಡೆದ, ಕೋಲ್ಕತ್ತದಲ್ಲಿ ಕೇಂದ್ರ ಕಚೇರಿಯುಳ್ಳ ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ಸಂಸ್ಥೆ ನಡೆಸುವ ಪರೀಕ್ಷೆಯಿದು. ಸೆಕ್ಷನ್ ಎ, ಸೆಕ್ಷನ್ ಬಿ ಎಂಬ ಎರಡು ಮೆಟ್ಟಿಲು. ಎರಡನ್ನೂ ಹತ್ತಿದವನಿಗೆ ಸರಕಾರ ಎಂಜಿನಿಯರಿಂಗ್ ಪದವಿಗೆ ಸಮಾನವಾದ ಮಾನ್ಯತೆ ನೀಡುತ್ತಿತ್ತು. ಕಾಲೇಜಿನ ಮೆಟ್ಟಿಲು ಹತ್ತಲಾಗದ ಬಡಮಕ್ಕಳು ಎಷ್ಟೋ ಮಂದಿ ಈ ಹಿಂಬಾಗಿಲಿನಿಂದ (ಹಿಂಬಾಗಿಲೆಂದರೆ ಆತನಿಗೆ ಸಿಟ್ಟು ಬರುತ್ತದೆ, ಅದುವೇ ನಿಜವಾದ ಹೆಬ್ಬಾಗಿಲು ಎನ್ನುತ್ತಾನೆ) ಒಳಗೆ ಬಂದವರು.

2010ರ ಸುಮಾರಿಗೆ ಆತನು ವೃತ್ತಿಬಾಂಧವರ ಸಂಘವೊಂದರ ಪದಾಧಿಕಾರಿ ಸ್ಥಾನಕ್ಕೆ ಸ್ಪರ್ಧಿಸಲು ಮನಸ್ಸು ಮಾಡಿದನು. ಅಭ್ಯರ್ಥಿಯ ಒಂದು ಪುಟದ ಹೇಳಿಕೆಯನ್ನು ತಿದ್ದಿಕೊಡಿರೆಂದು ನನಗೆ ಕಳುಹಿಸಿದನು. ಅದರಲ್ಲೊಂದು ವಾಕ್ಯವಿತ್ತು: ಸೆಕ್ಷನ್ ಬಿಯ ಒಂದು ವಿಷಯದಲ್ಲಿ ಮೂರು ಸಲ ಅನುತ್ತೀರ್ಣನಾದ ತನಗೆ, ದುಡಿಯುತ್ತ ಓದುವವರ ಕಷ್ಟ ಗೊತ್ತಿದೆ ಎಂದು. ನಾನು ಕೆಂಪು ಶಾಯಿಯಿಂದ ಅದನ್ನು ಹೊಡೆದು ಹಾಕಿದೆ. ಮತ ಕೇಳುವವನು ಸೋಲನ್ನು ಹೇಳಿಕೊಳ್ಳಬಾರದೆಂದು ನನ್ನ ತಿಳಿವಳಿಕೆ. ಅಷ್ಟಕ್ಕೇ ನಿಲ್ಲದೆ, "ಕೆಲಸ ಬಲ್ಲವನಿಗೆ ಕುರ್ಚಿಯ ಹಂಗೇಕೆ? ಅದೆಲ್ಲ ಹಾರ-ತುರಾಯಿಯ ರಾಜಕೀಯ" ಎಂದು ಷರಾ ಬರೆದೆ. ಆತನು ಹಿಂದೆ ಸರಿದನು. ಗುರುವಾಕ್ಯವನ್ನು ಮೀರುವ ಹುಡುಗನಲ್ಲ, ಮೀರಿದ್ದರೆ ಚೆನ್ನಾಗಿತ್ತು.

ಬಳಿಕ ಆದುದೇನು? 2013ರ ಮೇ 31ರ ಅನಂತರ ನೋಂದಾಯಿಸಿದವರಿಗೆ ಆ ಸಮಾನ ಮಾನ್ಯತೆ ದೊರೆಯದಾಯಿತು. ಪರೀಕ್ಷೆಯ ಮಟ್ಟ, ಪ್ರಯೋಗಾಲಯದ ಅಭ್ಯಾಸವಿಲ್ಲದ ಓದು, ಇವುಗಳ ಬಗ್ಗೆ ಪ್ರಾಮಾಣಿಕ ಆಕ್ಷೇಪಗಳೂ ಇರಬಹುದು. ತಾಂತ್ರಿಕ ವಿಷಯದಲ್ಲಿ ತೀರ್ಪು ಕೊಡಲು ನಾನು ಯಾರು? ನನ್ನ ಶಿಷ್ಯನೊಬ್ಬನು ಪದಾಧಿಕಾರಿಯಾಗಿದ್ದರೆ ಅದು ತಪ್ಪುತ್ತಿತ್ತೆಂಬ ಭ್ರಮೆಯೂ ನನಗಿಲ್ಲ. ಆದರೆ ಅಂಥ ಮಕ್ಕಳ ಪರವಾಗಿ ವೃತ್ತಿಯೊಳಗಿನಿಂದಲೇ ಮಾತನಾಡಬೇಕಾದ ಒಂದು ಸ್ಥಾನಕ್ಕೆ, ಅದೇ ದಾರಿಯಲ್ಲಿ ನಡೆದುಬಂದವನೊಬ್ಬನು ಹೋಗುವುದನ್ನು ನಾನು ತಡೆದಿದ್ದೆ. ಇದು ನನ್ನನ್ನು ಇಂದಿಗೂ ಚುಚ್ಚುತ್ತದೆ.

ಇಂಥ ಸಂಘಗಳನ್ನು ಹಾರ-ತುರಾಯಿ ಎಂದದ್ದು ನನ್ನ ಅಜ್ಞಾನ. ಅಮೆರಿಕೆಯ ಬ್ರಾಕ್‌ಟನ್ ಎಂಬ ಊರಿನಲ್ಲಿ 1905ರಲ್ಲಿ ಪಾದರಕ್ಷೆ ಕಾರ್ಖಾನೆಯ ಬಾಯ್ಲರ್ ಸಿಡಿದು 58 ಮಂದಿ ಸತ್ತರು. ಬಾಯ್ಲರ್ ಹೇಗಿರಬೇಕೆಂಬ ಸಮಗ್ರ ನಿಯಮಾವಳಿಯನ್ನು ಆ ಬಳಿಕ ರೂಪಿಸಿದವರು ಅಲ್ಲಿನ ಮೆಕ್ಯಾನಿಕಲ್ ಎಂಜಿನಿಯರರ ಸಂಘದವರು. 1915ರಲ್ಲಿ ಅದು ಪ್ರಕಟವಾಯಿತು. 1880ರಲ್ಲಿ ಹುಟ್ಟಿದ ಆ ಸಂಘಕ್ಕೆ 2021-22ರಲ್ಲಿ ಅಧ್ಯಕ್ಷರಾಗಿದ್ದವರ ಹೆಸರು ಮಹಾಂತೇಶ ಹಿರೇಮಠ. ನಮ್ಮ ನಾಡಿಗೆ ಎಷ್ಟು ಪರಿಚಿತವಾದ ಮನೆತನದ ಹೆಸರು! ವಿದ್ಯುತ್ ಮತ್ತು ಎಲೆಕ್ಟ್ರಾನಿಕ್ಸ್ ಎಂಜಿನಿಯರರ ಐ.ಇ.ಇ.ಇ. ಸಂಘದಲ್ಲಾದರೋ ಅಧ್ಯಕ್ಷರನ್ನು ಸದಸ್ಯರೇ ಮತ ಹಾಕಿ ಆರಿಸುತ್ತಾರೆ. ಗೆದ್ದವರು ಒಂದು ವರ್ಷ ನಿಯೋಜಿತ ಅಧ್ಯಕ್ಷರು, ಒಂದು ವರ್ಷ ಅಧ್ಯಕ್ಷರು, ಮತ್ತೊಂದು ವರ್ಷ ನಿಕಟಪೂರ್ವರು. ಮೂರು ವರ್ಷದ ದುಡಿಮೆ. ಆಡಳಿತ ಮಂಡಳಿ ಸೂಚಿಸದಿದ್ದರೂ ಸದಸ್ಯರ ಸಹಿ ಕೂಡಿಸಿ ಕಣಕ್ಕಿಳಿಯಬಹುದು. 1970ರ ದಶಕದಲ್ಲಿ ಅರ್ವಿನ್ ಫೀಯರ್ಸ್ಟ್ ಎಂಬವರು ದುಡಿಯುವ ಸಾಮಾನ್ಯ ಎಂಜಿನಿಯರನ ಪರವಾಗಿ ಹೀಗೆಯೇ ಇಳಿದು, ಸೋತು, ಮತ್ತೆ ಇಳಿದರು. ಅಧ್ಯಕ್ಷರಾಗಲಿಲ್ಲ, ಆದರೆ ಅವರೆತ್ತಿದ ಪ್ರಶ್ನೆಗಳಿಗೆ ಗೆದ್ದವರು ಉತ್ತರ ಹುಡುಕಬೇಕಾಯಿತು.

ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಮಾಲೆ ಹಾಕುವ ನಾವು ಕನ್ನಂಬಾಡಿಯನ್ನು ಮಾತ್ರ ನೆನೆಯುತ್ತೇವೆ. ಅವರು 1923ರಲ್ಲಿ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದರು. 1941ರಲ್ಲಿ, ಎಂಬತ್ತು ದಾಟುವ ವಯಸ್ಸಿನಲ್ಲಿ, ಅಖಿಲ ಭಾರತ ಉತ್ಪಾದಕರ ಸಂಘಟನೆಯನ್ನು ಕಟ್ಟಿದರು. ಸಭೆ, ಠರಾವು, ವರದಿ, ಇವೆಲ್ಲ ಅವರಿಗೆ ಕೀಳಾಗಿ ಕಂಡಿರಲಿಲ್ಲ.

ಇನ್ನು ನಮ್ಮ ಮನೆಬಾಗಿಲ ಮಾತು. 2019ರ ಆಗಸ್ಟಿನ ಮಳೆಗೆ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ಮುಚ್ಚಿದಾಗ, ಕಕ್ಕಿಂಜೆಯ ಪೇಟೆ ಎಷ್ಟು ಮೌನವಾಗಿತ್ತೆಂದು ಇಲ್ಲಿಯವರಿಗೆ ನೆನಪಿದೆ. ಗುಡ್ಡವನ್ನು ಹೇಗೆ ಕಡಿಯಬೇಕು, ನೀರನ್ನು ಎತ್ತ ಹರಿಸಬೇಕೆಂದು ಬಲ್ಲ ಎಂಜಿನಿಯರರು ನನ್ನ ಶಿಷ್ಯರಲ್ಲೇ ಇದ್ದಾರೆ. ಒಬ್ಬೊಬ್ಬರೂ ನನ್ನ ಜಗಲಿಯಲ್ಲಿ ಕುಳಿತು ಸ್ಪಷ್ಟವಾಗಿ ವಿವರಿಸುತ್ತಾರೆ, ಹೊರಗೆ ಹೇಳಲಾರರು. ಇಲಾಖೆಯ ನೌಕರನಿಗೆ ಇಲಾಖೆಯ ವಿರುದ್ಧ ಬಾಯಿಲ್ಲ, ಗುತ್ತಿಗೆದಾರನ ಸಂಬಳ ಉಣ್ಣುವವನಿಗೆ ಅದೂ ಇಲ್ಲ. ಒಬ್ಬನ ಬಾಯಿಂದ ಬರಲಾರದ ಮಾತು ಸಂಘದ ಹೆಸರಿನಲ್ಲಿ ಬರಬಲ್ಲದು. ಆದರೆ ಸಂಘದ ಕಾಗದಕ್ಕೆ ಯಾರೋ ಒಬ್ಬರು ಸಹಿ ಹಾಕಬೇಕಷ್ಟೆ. ಆ ಸಹಿ ಹಾಕುವ ಧೈರ್ಯವುಳ್ಳವರು ಸ್ಪರ್ಧಿಸದೆ ಸಭ್ಯರಾಗಿ ಮನೆಯಲ್ಲಿ ಉಳಿದರೆ, ಬಿಲ್ಲೆ ಧರಿಸಿ ಛಾಯಾಚಿತ್ರಕ್ಕೆ ನಿಲ್ಲುವವರೇ ಅಲ್ಲಿಗೆ ಹೋಗುತ್ತಾರೆ. ಹಿಂದೆ ತೋಡಿಗೆ ಕಟ್ಟ ಹಾಕುವಾಗಲೂ ಹೀಗೆಯೇ ಇತ್ತು. ನೀರು ಎಲ್ಲರಿಗೂ ಬೇಕು, ಮೊದಲ ಕಲ್ಲು ಹೊರಲು ಮಾತ್ರ ಜನ ಇಲ್ಲ.

ಆತನು ಹೊಸ ಹೇಳಿಕೆಯನ್ನು ಕಳೆದ ವಾರ ಕಳುಹಿಸಿದ್ದಾನೆ. ನಾನು ಹೊಡೆದು ಹಾಕಿದ್ದ ವಾಕ್ಯ ಮರಳಿ ಬಂದಿದೆ, ಈ ಸಲ ಮೊದಲ ಸಾಲಿನಲ್ಲೇ. ಎರಡು ಕಾಗುಣಿತ ತಿದ್ದಿದೆ. ಆ ಸಾಲನ್ನು ಮುಟ್ಟಲಿಲ್ಲ.

ನಿಮ್ಮಲ್ಲಿ ಎಂಜಿನಿಯರರಾಗಿರುವವರು ಯಾವುದೇ ಸಂಘದ ಸದಸ್ಯರಾಗಿದ್ದರೆ, ನಿಮ್ಮ ಚಂದಾ ಬಾಕಿಯಿದೆಯೇ, ಮತದಾರರ ಪಟ್ಟಿಯಲ್ಲಿ ಹೆಸರಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ. ಅವನಿಗೇ ಮತ ಹಾಕಿರೆಂದು ನಾನು ಹೇಳುವುದಿಲ್ಲ. ಅಭ್ಯರ್ಥಿಗಳೆಲ್ಲರ ಹೇಳಿಕೆಯನ್ನೂ ಪೂರ್ತಿ ಓದಿ, ಬಳಿಕ ಹಾಕಿ.